ಸ್ಟಾಪ್‌ವಾಚ್‌ಗೆ ಸಿಗದ 0.2 ಸೆಕೆಂಡು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿಹೋಗಿ ಅದನ್ನು ಹಿಡಿಯುವವನು ರಿಸೀವರ್. ಎಷ್ಟು ಹೆಜ್ಜೆ ಓಡಬೇಕು, ಎಲ್ಲಿ ತಿರುಗಬೇಕು ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ರಿಸೀವರ್‌ನ ಬೆನ್ನು ಬಿಡದೆ ಓಡಬೇಕಾದ ಕಾರ್ನರ್‌ಬ್ಯಾಕ್‌ಗೆ ಮಾತ್ರ ಅದು ಗೊತ್ತಿರುವುದಿಲ್ಲ. ಅವನು ನೋಡಿ ತಿಳಿಯಬೇಕು, ಅದೂ ಬಹಳ ಸಲ ಹಿಮ್ಮುಖವಾಗಿ ಓಡುತ್ತಲೇ. ಕಣ್ಣಿಗೆ ಕಂಡ ಚಲನೆಗೆ ಮೈ ಸ್ಪಂದಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಓಡುವ ರಿಸೀವರ್ ಅಷ್ಟರಲ್ಲಿ 1.8 ಮೀಟರ್ ದಾಟಿರುತ್ತಾನೆ. ವೃತ್ತಿಪರ ಆಟದಲ್ಲಿ ಅಷ್ಟು ಅಂತರ ಸಿಕ್ಕರೆ ಸಾಕು, ಚೆಂಡು ಅವನ ಕೈಸೇರಿದಂತೆಯೇ.

ಕಾಲೇಜಿನಲ್ಲಿ ಆಡಿದ ಹುಡುಗರನ್ನು ಎನ್‌ಎಫ್‌ಎಲ್‌ನ 32 ತಂಡಗಳು ಪ್ರತಿವರ್ಷ ‘ಡ್ರಾಫ್ಟ್’ನಲ್ಲಿ ಆರಿಸಿಕೊಳ್ಳುತ್ತವೆ. ಅದು ಏಳು ಸುತ್ತುಗಳ ಆಯ್ಕೆ. ಅದಕ್ಕೂ ಮುನ್ನ ಇಂಡಿಯಾನಾಪೊಲಿಸ್‌ನಲ್ಲಿ ‘ಕಂಬೈನ್’ ಎಂಬ ದೈಹಿಕ ಪರೀಕ್ಷೆ ನಡೆಯುತ್ತದೆ. ಅಲ್ಲಿ ಎಲ್ಲರ ಕಣ್ಣೂ 40 ಗಜದ, ಅಂದರೆ ಸುಮಾರು 36.6 ಮೀಟರ್‌ಗಳ ಓಟದ ಮೇಲೆ. ಈ ಓಟಕ್ಕೆ ಪಿಸ್ತೂಲಿನ ಸದ್ದಿಲ್ಲ, ಸನ್ನೆಯೂ ಇಲ್ಲ. ಆಟಗಾರ ತನಗೆ ಬೇಕಾದಾಗ ಹೊರಡುತ್ತಾನೆ, ಅವನು ಅಲುಗಿದ ಮೇಲೆಯೇ ಗಡಿಯಾರ ಶುರುವಾಗುತ್ತದೆ. ಹಾಗಾಗಿ ಕಾರ್ನರ್‌ಬ್ಯಾಕ್‌ನ ಬದುಕನ್ನೇ ನಿರ್ಧರಿಸುವ ಆ 0.2 ಸೆಕೆಂಡು ಈ ಪರೀಕ್ಷೆಯ ಲೆಕ್ಕಕ್ಕೇ ಬರುವುದಿಲ್ಲ.

2011ರ ಡ್ರಾಫ್ಟ್ ನೋಡಿ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಪೀಟರ್ಸನ್ 40 ಗಜವನ್ನು 4.34 ಸೆಕೆಂಡಿನಲ್ಲಿ ಓಡಿದರು, ಒಟ್ಟಾರೆ ಐದನೆಯವರಾಗಿ ಆಯ್ಕೆಯಾದರು. ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಶರ್ಮನ್‌ಗೆ ಬೇಕಾದದ್ದು ಸುಮಾರು 4.55 ಸೆಕೆಂಡು. ಐದನೇ ಸುತ್ತಿನವರೆಗೆ ಕಾದ ಅವರನ್ನು 154ನೆಯವರಾಗಿ ಸಿಯಾಟಲ್ ಸೀಹಾಕ್ಸ್ ತಂಡ ಆರಿಸಿತು. ಇಬ್ಬರ ನಡುವಿನ ವ್ಯತ್ಯಾಸ ಮತ್ತೆ ಅದೇ 0.2 ಸೆಕೆಂಡಿನ ಆಸುಪಾಸು. ಕಾಲಿನಲ್ಲಿ ಕಳೆದುಕೊಂಡ ಇಷ್ಟು ಸಮಯವನ್ನು ಕಣ್ಣಿನಿಂದ ಗಳಿಸಲು ಸಾಧ್ಯ ಎಂಬುದಕ್ಕೆ ಶರ್ಮನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಲಾಸ್ ಏಂಜಲಿಸ್ ಪಕ್ಕದ ಕಾಂಪ್ಟನ್‌ನಲ್ಲಿ ಬೆಳೆದ ಶರ್ಮನ್ ಕಾಲೇಜಿಗೆ ಸೇರಿದ್ದು ರಿಸೀವರ್ ಆಗಿ. 2008ರಲ್ಲಿ ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದರ ನಂತರ ಕಾರ್ನರ್‌ಬ್ಯಾಕ್ ಸ್ಥಾನಕ್ಕೆ ಬಂದರು. ಕಾಲೇಜಿನಲ್ಲಿ ಈ ಸ್ಥಾನದಲ್ಲಿ ಆಡಿದ್ದು ಎರಡೇ ಋತು. ಆದರೆ ಎದುರಾಳಿ ಓಡುವ ದಾರಿಗಳನ್ನೆಲ್ಲ ಅವರು ಮೊದಲು ತಾವೇ ಓಡಿದ್ದರು, ಅದು ಸಣ್ಣ ಬಂಡವಾಳವೇನಲ್ಲ.

ಕಣ್ಣು ನೋಡಬೇಕಾದ್ದು ಎಲ್ಲಿ? ರಿಸೀವರ್ ತಲೆ, ಭುಜ, ನೋಟದಿಂದ ಮೋಸ ಮಾಡಬಲ್ಲ. ಸೊಂಟದಿಂದ ಮೋಸ ಮಾಡುವುದು ಕಷ್ಟ. ದೇಹದ ಗುರುತ್ವಕೇಂದ್ರ ಇರುವುದು ಅಲ್ಲೇ. ವೇಗವಾಗಿ ಓಡುವವನು ದಿಕ್ಕು ಬದಲಿಸಬೇಕಾದರೆ ಮೊದಲು ವೇಗ ತಗ್ಗಿಸಬೇಕು, ಅದಕ್ಕೆ ಸೊಂಟ ಕೆಳಗಿಳಿಯಬೇಕು, ಹೆಜ್ಜೆ ಚಿಕ್ಕದಾಗಬೇಕು. ತಿರುವಿಗೆ ಮೊದಲೇ ತಿರುವಿನ ಸುಳಿವು ಸಿಗುವುದು ಹೀಗೆ. ಕೋಚ್‌ಗಳು ‘ಸೊಂಟ ನೋಡು’ ಎಂದು ಹೇಳಿಕೊಡುವುದೂ ಇದಕ್ಕಾಗಿಯೇ.

ಆಟದ ವಿಡಿಯೊವನ್ನು ನಡುವೆಯೇ ನಿಲ್ಲಿಸಿ ಮುಂದೇನಾಗುತ್ತದೆ ಎಂದು ಆಟಗಾರರನ್ನು ಕೇಳುವ ಪ್ರಯೋಗಗಳನ್ನು ಕ್ರೀಡಾವಿಜ್ಞಾನಿಗಳು ದಶಕಗಳಿಂದ ಮಾಡುತ್ತಿದ್ದಾರೆ. ಕ್ರಿಕೆಟ್‌ನಲ್ಲೂ ಮಾಡಿದ್ದಾರೆ: ಚೆಂಡು ಬೌಲರ್‌ನ ಕೈಬಿಡುವ ಮೊದಲೇ ದೃಶ್ಯ ನಿಂತರೂ ಪಳಗಿದ ಬ್ಯಾಟರ್ ಹೊಸಬನಿಗಿಂತ ಚೆನ್ನಾಗಿ ಊಹಿಸುತ್ತಾನೆ. ಬರೀ ದೀಪ ಹೊತ್ತಿದಾಗ ಗುಂಡಿ ಒತ್ತುವಂಥ ಪರೀಕ್ಷೆಯಲ್ಲಾದರೆ ಇವರಿಬ್ಬರ ನಡುವೆ ಅಂಥ ಅಂತರ ಕಾಣುವುದಿಲ್ಲ. ಅಂದರೆ ಪಳಗಿದವನ ನರಗಳು ಹೆಚ್ಚು ಚುರುಕಾಗಿವೆ ಎಂದಲ್ಲ, ಸುಳಿವು ಅವನಿಗೆ ಬೇಗ ಸಿಗುತ್ತದೆ. ಶರ್ಮನ್ ಎದುರಾಳಿಗಳ ಆಟದ ದೃಶ್ಯಗಳನ್ನು ಬಿಡದೆ ನೋಡಿ ಅಭ್ಯಾಸ ಮಾಡುವುದಕ್ಕೆ ಹೆಸರಾದರು.

ಆದರೆ ಶರ್ಮನ್ ಕಾಲೇಜಿನಿಂದ ಬಂದು ಸೇರಿದ ವೃತ್ತಿಪರ ಆಟದ ನಿಯಮಗಳು ಬೇರೆ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೂ ಕಾರ್ನರ್‌ಬ್ಯಾಕ್ ತನ್ನೆದುರಿನ ರಿಸೀವರ್‌ನನ್ನು ಕೈಯಿಂದ ತಡೆಯಬಹುದು. ಎನ್‌ಎಫ್‌ಎಲ್‌ನಲ್ಲಿ ಈ ಸವಲತ್ತು ಮೊದಲ 5 ಗಜಕ್ಕಷ್ಟೇ. ಹಾರಿ ಬರುವ ಚೆಂಡನ್ನು ಹಿಡಿಯದಂತೆ ಅಡ್ಡಿಪಡಿಸಿದರೆ ಕಾಲೇಜಿನಲ್ಲಿ ದಂಡ ಹೆಚ್ಚೆಂದರೆ 15 ಗಜ. ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗವೇ ಎದುರಾಳಿಯ ಪಾಲು, ಅದು 40 ಗಜ ದೂರವಿದ್ದರೂ ಸರಿ. ಅನುಕೂಲವೂ ಒಂದಿದೆ: ಕಾಲೇಜಿನಲ್ಲಿ ರಿಸೀವರ್‌ನ ಒಂದು ಪಾದ ಗೆರೆಯೊಳಗಿದ್ದರೆ ಸಾಕು, ಇಲ್ಲಿ ಎರಡೂ ಇರಬೇಕು. ಹೀಗಾಗಿ ರಿಸೀವರ್‌ನನ್ನು ಅಂಚುಗೆರೆಯತ್ತ ಒತ್ತಬಲ್ಲವನಿಗೆ ಆ ಗೆರೆಯೇ ಜೊತೆಗಾರ.

ಸಿಯಾಟಲ್‌ನ ಕೋಚ್ ಪೀಟ್ ಕ್ಯಾರಲ್ ಎತ್ತರದ, ಉದ್ದ ಕೈಯ ಕಾರ್ನರ್‌ಬ್ಯಾಕ್‌ಗಳನ್ನು ಹುಡುಕುತ್ತಿದ್ದರು. ಶರ್ಮನ್ 6 ಅಡಿ 3 ಅಂಗುಲ. ಅಲ್ಲಿ ಕಲಿಸಿದ ವಿಧಾನವೂ ಅದಕ್ಕೆ ಹೊಂದುವಂಥದ್ದು: ಆಟ ಶುರುವಾದ ಕೂಡಲೇ ಹಿಂದಕ್ಕೆ ಓಡಬೇಡ, ಎದುರಾಳಿಯ ಮೂಗಿನ ಮುಂದೆಯೇ ನಿಲ್ಲು, ಅವನು ಹೊರಡುವ ಕಡೆ ಖಾತ್ರಿಯಾದ ಮೇಲೆ ಅಡ್ಡ ಹೆಜ್ಜೆಯಿಟ್ಟು ಕೈಯಿಂದ ತಡೆ. ಹಿಮ್ಮುಖ ಓಟದ ವೇಗ ಮುಮ್ಮುಖ ಓಟಕ್ಕಿಂತ ಬಹಳ ಕಡಿಮೆ, ಸೊಂಟ ತಿರುಗಿಸುವುದಕ್ಕೂ ಸಮಯ ಬೇಕು. ತಾಳ್ಮೆಯಿಂದ ನಿಂತರೆ ಆ ಎರಡು ನಷ್ಟವೂ ತಪ್ಪುತ್ತದೆ. ಉದ್ದ ಕೈ ಉಳಿದ ಕೊರತೆ ತುಂಬುತ್ತದೆ.

2011ರ ಅಕ್ಟೋಬರ್ 30ರಂದು ಸಿನ್ಸಿನಾಟಿ ವಿರುದ್ಧ ಶರ್ಮನ್ ಮೊದಲ ಬಾರಿ ಆರಂಭದಿಂದಲೇ ಆಡಿದರು. ಎದುರಿಗಿದ್ದದ್ದು ಅದೇ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಆಯ್ಕೆಯಾಗಿದ್ದ ರಿಸೀವರ್ ಎ.ಜೆ. ಗ್ರೀನ್. ಆ ಪಂದ್ಯದಲ್ಲಿ ಶರ್ಮನ್ ಎದುರಾಳಿಯ ಒಂದು ಎಸೆತವನ್ನು ಹಿಡಿದರು. 2013ರಲ್ಲಿ ಅಂಥ ಎಂಟು ಎಸೆತಗಳನ್ನು ಹಿಡಿದು ಇಡೀ ಎನ್‌ಎಫ್‌ಎಲ್‌ನಲ್ಲಿ ಮೊದಲಿಗರಾದರು.

ಆ ಋತುವಿನ ಸೆಮಿಫೈನಲ್‌ ಅನ್ನಬಹುದಾದ ಪಂದ್ಯ ನಡೆದದ್ದು 2014ರ ಜನವರಿ 19ರಂದು, ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ. ಸಿಯಾಟಲ್ 23–17ರಿಂದ ಮುಂದಿತ್ತು, ಉಳಿದದ್ದು ಅರ್ಧ ನಿಮಿಷ, ಗೋಲುಗೆರೆ ಮುಟ್ಟಲು ಎದುರಾಳಿಗೆ ಬೇಕಿದ್ದದ್ದು 18 ಗಜ. ಅವರ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕ್ಯಾಪರ್ನಿಕ್ ಮೂಲೆಯತ್ತ ಎತ್ತರಕ್ಕೆ ಚೆಂಡೆಸೆದರು, ರಿಸೀವರ್ ಮೈಕಲ್ ಕ್ರಾಬ್‌ಟ್ರೀ ಅತ್ತ ಓಡಿದ್ದರು. ಪಕ್ಕದಲ್ಲೇ ಓಡುತ್ತಿದ್ದ ಶರ್ಮನ್ ತಿರುಗಿ ಚೆಂಡನ್ನು ಕಂಡು ನೆಗೆದರು, ಚಾಚಿದ ಬೆರಳುಗಳಿಂದ ಅದನ್ನು ಒಳಕ್ಕೆ ತಳ್ಳಿದರು. ಹಿಂದೆ ಬರುತ್ತಿದ್ದ ತಮ್ಮದೇ ತಂಡದ ಮಾಲ್ಕಮ್ ಸ್ಮಿತ್ ಅದನ್ನು ಹಿಡಿದರು. ಎರಡು ವಾರದ ನಂತರ ಸಿಯಾಟಲ್ 43–8ರಿಂದ ಡೆನ್ವರ್ ತಂಡವನ್ನು ಸೋಲಿಸಿ ಸೂಪರ್ ಬೌಲ್ ಗೆದ್ದಿತು.

ಈ ಆಟವನ್ನು ಟಿವಿಯಲ್ಲಿ ನೋಡುವವರು ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಾರೆ, ಕ್ಯಾಮೆರಾವೂ ಹಾಗೆಯೇ. ಒಮ್ಮೆ ಮರುಪ್ರಸಾರದಲ್ಲಿ ಚೆಂಡನ್ನು ಬಿಟ್ಟು ಅಂಚಿನಲ್ಲಿರುವ ಕಾರ್ನರ್‌ಬ್ಯಾಕ್‌ನ ಪಾದ ಮೊದಲು ಯಾವಾಗ ಕದಲುತ್ತದೆ ಎಂಬುದನ್ನಷ್ಟೇ ಗಮನಿಸಿ.