ತಡವರಿಸುವ ಚಿತ್ರ

ಊರ ಬಯಲಿನಲ್ಲಿ ನಡೆದ ಯಕ್ಷಗಾನದ ಮೊದಲೊಂದು ಗಂಟೆಯನ್ನು ಮೊಬೈಲಿನಲ್ಲಿ ಸೆರೆಹಿಡಿದು ತಂದು, ಒಡ್ಡೋಲಗದ ಭಾಗವನ್ನಷ್ಟೇ ಬೇರ್ಪಡಿಸಬೇಕೆಂಬ ಉತ್ಸಾಹದಿಂದ ಎಡಿಟಿಂಗ್ ತಂತ್ರಾಂಶದ ಮುಂದೆ ಕುಳಿತಾಗ ನನಗಾದ ಅನುಭವ ವಿಚಿತ್ರವಾದುದು. ಚಂಡೆಯ ನಾದವೂ ಭಾಗವತರ ಪದವೂ ಒಂದಿನಿತೂ ಎಡವದೆ ಸಾಗುತ್ತಿದ್ದರೆ, ವೇಷಧಾರಿ ಮಾತ್ರ ಎತ್ತಿದ ಕಾಲನ್ನು ಇಳಿಸಲು ಮರೆತವನಂತೆ ನಿಂತು, ಮರುಕ್ಷಣವೇ ರಂಗಸ್ಥಳದ ಇನ್ನೊಂದು ಮೂಲೆಯಲ್ಲಿ ಪ್ರತ್ಯಕ್ಷನಾಗುತ್ತಿದ್ದನು. ಅದೇ ಫೈಲನ್ನು ಸಾಮಾನ್ಯ ಪ್ಲೇಯರಿನಲ್ಲಿ ತೆರೆದರೆ ನಾಟ್ಯವು ನೀರು ಹರಿದಂತೆ ಹರಿಯುತ್ತಿತ್ತು. ದೋಷವು ಚಿತ್ರದಲ್ಲಿಲ್ಲವೆಂದ ಮೇಲೆ ಮತ್ತೆಲ್ಲಿ?

4ಕೆ ವಿಡಿಯೋದ ಒಂದು ಫ್ರೇಮಿನಲ್ಲಿ 3840 ಅಡ್ಡ, 2160 ಉದ್ದ, ಎಂದರೆ ಸುಮಾರು 83 ಲಕ್ಷ ಬಿಂದುಗಳುಂಟು. ಒಂದೊಂದರ ಬಣ್ಣಕ್ಕೆ ಮೂರು ಬೈಟಿನಂತೆ, ಸೆಕೆಂಡಿಗೆ 30 ಫ್ರೇಮುಗಳಂತೆ ಗುಣಿಸಿದರೆ ಮೊತ್ತವು ಸೆಕೆಂಡಿಗೆ ಸುಮಾರು 750 ಮೆಗಾಬೈಟ್ ಆಗುವುದು. ಇದನ್ನು ನೂರರಲ್ಲೊಂದು ಪಾಲಿನಷ್ಟಕ್ಕೆ ಅಡಕಗೊಳಿಸುವ ವಿಧಾನಗಳೇ 2003ರ ಎಚ್.264 ಹಾಗೂ 2013ರ ಎಚ್.265. ತಿಂಗಳ ಮೊದಲ ದಿನ ಪೂರ್ತಿ ಬಾಕಿಯನ್ನು ಬರೆದು, ಅನಂತರ ದಿನದಿನದ ಕೂಡು ಕಳೆಗಳನ್ನಷ್ಟೇ ನಮೂದಿಸುವ ಅಂಗಡಿಯ ಖಾತೆಯಂತೆ, ಇವು ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮನ್ನಿರಿಸಿ, ನಡುವಣ ಫ್ರೇಮುಗಳಲ್ಲಿ ಬದಲಾದುದನ್ನು ಮಾತ್ರ ದಾಖಲಿಸುತ್ತವೆ. ಇಪ್ಪತ್ತನೆಯ ದಿನದ ಬಾಕಿ ತಿಳಿಯಬೇಕಾದರೆ ಮೊದಲ ದಿನದಿಂದಲೇ ಕೂಡಿಕೊಂಡು ಬರಬೇಕಷ್ಟೆ!

ಪ್ಲೇಯರು ಪುಟಗಳನ್ನು ಕ್ರಮವಾಗಿ ಮಗುಚುವುದರಿಂದ ಅದಕ್ಕೆ ಈ ಖಾತೆಯು ಭಾರವೆನಿಸದು. ಸಂಕಲನಕಾರನಾದರೋ ಹಿಂದಕ್ಕೂ ಮುಂದಕ್ಕೂ ಜಿಗಿಯುವವನು. ಎರಡು ಮೂರು ಚಿತ್ರಗಳನ್ನು ಒಂದರ ಮೇಲೊಂದು ಹೊದಿಸಿ ಬಣ್ಣ ತಿದ್ದುವವನು. ಪ್ರತಿಯೊಂದು ಜಿಗಿತಕ್ಕೂ ಕಂಪ್ಯೂಟರು ಹಿಂದಣ ಪೂರ್ಣ ಫ್ರೇಮಿಗೆ ಮರಳಿ ಲೆಕ್ಕವನ್ನು ಮೊದಲಿನಿಂದ ಕೂಡಬೇಕು. ಓಡುತ್ತಿರುವಾಗ ಒಂದು ಫ್ರೇಮಿಗೆ ಅದಕ್ಕಿರುವ ಅವಕಾಶವೋ ಕೇವಲ 33 ಮಿಲಿಸೆಕೆಂಡು. ತಡವಾದ ಫ್ರೇಮನ್ನು ಅದು ನಿರ್ದಾಕ್ಷಿಣ್ಯವಾಗಿ ಕೈಬಿಟ್ಟು ಮುಂದೆ ಸಾಗುವುದು. ಸೆಕೆಂಡಿಗೆ 192 ಕಿಲೋಬೈಟಿನಷ್ಟೇ ತೂಗುವ ಧ್ವನಿಯನ್ನು ತಾಳವಾಗಿ ಹಿಡಿದು ಚಿತ್ರವನ್ನು ಅದರ ಹಿಂದೆ ಓಡಿಸುವುದು ವಾಡಿಕೆಯಾದುದರಿಂದಲೇ, ಚಂಡೆ ತಪ್ಪದೆ ಹೆಜ್ಜೆ ತಪ್ಪುವುದು.

ಪರಿಹಾರಗಳು ಹಲವುಂಟು. ಪ್ರಿವ್ಯೂ ಕಿಟಕಿಯ ರೆಸಲ್ಯೂಶನ್ನನ್ನು ಅರ್ಧಕ್ಕಿಳಿಸಿದರೆ ಬಿಂದುಗಳು ಕಾಲುಭಾಗವಾಗುವುದರಿಂದ ಬಣ್ಣ ತಿದ್ದುವ ಹೊರೆ ಇಳಿಯುವುದು ನಿಜ. ಆದರೆ ಅಡಕವನ್ನು ಬಿಚ್ಚುವ ಶ್ರಮವು ಬಹುಮಟ್ಟಿಗೆ ಹಾಗೆಯೇ ಉಳಿಯುವುದು. ಆ ಶ್ರಮವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವ ಆಯ್ಕೆಯಿದ್ದರೆ ಅದನ್ನು ತೆರೆದಿಡಬೇಕು. ಎಫೆಕ್ಟುಗಳು ದಟ್ಟವಾಗಿರುವ ಭಾಗವನ್ನು ಮೊದಲೇ ರೆಂಡರ್ ಮಾಡಿಕೊಳ್ಳಬೇಕು. ಫೈಲುಗಳನ್ನು ನಿಧಾನವಾದ ಪೆನ್‌ಡ್ರೈವಿನಿಂದ ಎಸ್‌ಎಸ್‌ಡಿಗೆ ಸಾಗಿಸಬೇಕು. ಇವೆಲ್ಲಕ್ಕಿಂತ ಮಿಗಿಲಾದುದು ಪ್ರಾಕ್ಸಿ.

ದೇವಾಲಯದಲ್ಲಿ ಮೂಲವಿಗ್ರಹವು ಗರ್ಭಗುಡಿಯನ್ನು ಬಿಟ್ಟು ಕದಲದು. ಬೀದಿ ಸುತ್ತುವುದು ಹಗುರವಾದ ಉತ್ಸವಮೂರ್ತಿ. ಪ್ರಾಕ್ಸಿಯೂ ಅಂತಹುದೇ: ಮೂಲಚಿತ್ರದ ಕಿರಿಯ ಪ್ರತಿಯನ್ನು ಪ್ರೋರೆಸ್ ಮೊದಲಾದ ರೂಪದಲ್ಲಿ, ಪ್ರತಿ ಫ್ರೇಮೂ ಸ್ವಯಂಪೂರ್ಣವಾಗುವಂತೆ ತಯಾರಿಸಿಕೊಂಡು, ಕತ್ತರಿಸುವ ಜೋಡಿಸುವ ಮೆರವಣಿಗೆಯನ್ನೆಲ್ಲ ಅದರಿಂದಲೇ ನಡೆಸಿ, ಕೊನೆಯ ರೆಂಡರಿನಲ್ಲಿ ಮಾತ್ರ ಮೂಲವನ್ನು ಮುಟ್ಟುವುದು. ಇದು ಹೊಸ ಯುಕ್ತಿಯೇನಲ್ಲ. ಫಿಲ್ಮಿನ ಕಾಲದಲ್ಲಿಯೂ ಸಂಕಲನಕಾರರು ನೆಗೆಟಿವನ್ನು ಭದ್ರವಾಗಿಟ್ಟು, ವರ್ಕ್‌ ಪ್ರಿಂಟೆಂಬ ನಕಲಿನ ಮೇಲೆಯೇ ಕತ್ತರಿಯಾಡಿಸಿ, ಎಲ್ಲವೂ ನಿಶ್ಚಯವಾದ ಮೇಲೆ ಅದರಂತೆ ನೆಗೆಟಿವನ್ನು ಕತ್ತರಿಸುತ್ತಿದ್ದರು.

ನಾನೂ ಪ್ರಾಕ್ಸಿ ತಯಾರಾಗಲೆಂದು ರಾತ್ರಿ ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಮಲಗಿದೆನು. ಬೆಳಗ್ಗೆ ಬಾಣದ ಗುರುತಿನ ಕೀಲಿಯನ್ನೊತ್ತುತ್ತ ಒಂದೊಂದೇ ಫ್ರೇಮು ಸರಿದರೆ, ಗೆಜ್ಜೆಗಾಲು ಮೆಲ್ಲಮೆಲ್ಲನೆ ಇಳಿದು, ಚಂಡೆಯ ಪೆಟ್ಟು ಬಿದ್ದ ಫ್ರೇಮಿನಲ್ಲಿಯೇ ನೆಲ ಮುಟ್ಟಿತು. ಕತ್ತರಿ ಹಾಕಿದುದು ಅಲ್ಲಿಯೇ.