ದೇಹ, ತೊಡುಗೆ ಮತ್ತು ಯಂತ್ರ: ಧರಿಸುವ ತಂತ್ರಜ್ಞಾನದ ಸ್ವೀಕಾರ ಕುರಿತು ಒಂದು ಜಾನಪದೀಯ ವಿವೇಚನೆ

ಮನುಷ್ಯನು ಬಳಸುವ ವಸ್ತುಗಳಲ್ಲಿ ಮೈಮೇಲೆ ಧರಿಸುವ ವಸ್ತುಗಳದು ಪ್ರತ್ಯೇಕ ವರ್ಗ. ನೇಗಿಲು, ಒನಕೆಗಳು ಕೆಲಸ ಮುಗಿದೊಡನೆ ಮೂಲೆ ಸೇರುತ್ತವೆ. ಉಡಿದಾರ, ತಾಯಿತ, ಕಡಗ, ಬಳೆಗಳಾದರೋ ಧರಿಸಿದವರ ವಯಸ್ಸು, ಲಿಂಗ, ವೈವಾಹಿಕ ಸ್ಥಿತಿ, ನಂಬಿಕೆಗಳನ್ನು ನೋಡುವವರಿಗೆ ಸಾರುತ್ತಲೇ ಇರುತ್ತವೆ. ಸ್ಮಾರ್ಟ್‌ವಾಚ್, ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್ ಕನ್ನಡಕಗಳು ಯಂತ್ರಗಳೇ ಆದರೂ ಸೇರುವುದು ಈ ಎರಡನೆಯ ವರ್ಗಕ್ಕೆ. ಆದುದರಿಂದ ಜನರು ಅವುಗಳನ್ನು ಒಪ್ಪುವ ಅಥವಾ ನಿರಾಕರಿಸುವ ಬಗೆಯನ್ನು ಯಂತ್ರದ ಗುಣದಿಂದಷ್ಟೇ ವಿವರಿಸಲಾಗದು.

ಹೊಸ ವಸ್ತುಗಳ ಸ್ವೀಕಾರ ಕುರಿತ ಅಧ್ಯಯನಗಳಲ್ಲಿ ಎರಡು ಚಿಂತನೆಗಳು ಪ್ರಮುಖವಾಗಿವೆ. ಎವೆರೆಟ್ ರೋಜರ್ಸ್ 1962ರಲ್ಲಿ ಹೊಸತು ಸಮಾಜದಲ್ಲಿ ಹರಡುವ ಕ್ರಮವನ್ನು ನಿರೂಪಿಸಿದರು. ರೂಢಿಯಲ್ಲಿರುವ ಮೌಲ್ಯಗಳೊಡನೆ ಹೊಸತರ ಹೊಂದಾಣಿಕೆ ಅವರ ವಿವೇಚನೆಯ ಒಂದು ಮುಖ್ಯ ಅಂಶ. ಫ್ರೆಡ್ ಡೇವಿಸ್ 1989ರಲ್ಲಿ, ಬಳಸುವವರು ಗ್ರಹಿಸುವ ಉಪಯುಕ್ತತೆ ಮತ್ತು ಸುಲಭತೆ ಎಂಬ ಎರಡು ಅಂಶಗಳನ್ನು ಮುಂದಿಟ್ಟರು. ಡೇವಿಸ್ ಅವರ ಮಾದರಿ ರೂಪುಗೊಂಡದ್ದು ಕಚೇರಿಯ ಕಂಪ್ಯೂಟರ್ ಬಳಕೆಯ ಹಿನ್ನೆಲೆಯಲ್ಲಿ. ಮೇಜಿನ ಮೇಲಿನ ಯಂತ್ರಕ್ಕೆ ಒಗ್ಗುವ ಈ ವಿವರಣೆ ಮೈಮೇಲಿನ ಯಂತ್ರಕ್ಕೆ ಪೂರ್ತಿ ಸಾಲದು ಎಂಬುದಕ್ಕೆ ಕೈಗಡಿಯಾರದ ಚರಿತ್ರೆಯೇ ಸಾಕ್ಷಿ.

20ನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಕೈಗಡಿಯಾರವು ಬಹುಮಟ್ಟಿಗೆ ಹೆಂಗಸರ ಆಭರಣವೆನಿಸಿತ್ತು. ಗಂಡಸರದು ಜೇಬಿನ ಗಡಿಯಾರ. ಮೊದಲನೆಯ ಮಹಾಯುದ್ಧದಲ್ಲಿ (1914-18) ಕೈಯನ್ನು ಜೇಬಿಗಿಳಿಸದೆ ಹೊತ್ತು ನೋಡಬೇಕಾದ ಸೈನಿಕರು ಅದನ್ನು ವ್ಯಾಪಕವಾಗಿ ಧರಿಸಿದರು. ಆ ಬಳಿಕ ಅದು ಗಂಡಸರಿಗೂ ಒಪ್ಪುವ ತೊಡುಗೆಯಾಯಿತು. ಇಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಬದಲಾದದ್ದು ಅದರ ಅರ್ಥ. ಕರ್ನಾಟಕದಲ್ಲಿ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿತು. ಮುಂದಿನ ದಶಕಗಳಲ್ಲಿ ವಾಚು ವರೋಪಚಾರದ ವಸ್ತುವಾಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳಿಗೂ ನಿವೃತ್ತರಾದ ನೌಕರರಿಗೂ ಸಲ್ಲುವ ಉಡುಗೊರೆಯಾಯಿತು. ಅದು ಮನೆ ಹೊಕ್ಕ ದಾರಿಗಳಲ್ಲಿ ಕೊಟ್ಟು ಕೊಳ್ಳುವ ಸಂಪ್ರದಾಯವೂ ಒಂದು.

ಧರಿಸುವ ಜಾಗವೂ ನಿರ್ಣಾಯಕ. 2013ರಲ್ಲಿ ಅಮೆರಿಕದಲ್ಲಿ ಆಯ್ದ ಬಳಕೆದಾರರಿಗೆ 1,500 ಡಾಲರಿಗೆ ದೊರೆತ ಗೂಗಲ್ ಗ್ಲಾಸ್ ಕನ್ನಡಕದಲ್ಲಿ ಕ್ಯಾಮೆರಾ ಇತ್ತು. ಧರಿಸಿದವನು ನೋಡುತ್ತಿರುವನೋ ಚಿತ್ರೀಕರಿಸುತ್ತಿರುವನೋ ಎಂಬುದು ಎದುರಿಗಿದ್ದವರಿಗೆ ಸ್ಪಷ್ಟವಾಗುತ್ತಿರಲಿಲ್ಲ. ಕೆಲವು ಪಾನಗೃಹಗಳು ಅದನ್ನು ನಿಷೇಧಿಸಿದವು. 2015ರ ಜನವರಿಯಲ್ಲಿ ಗ್ರಾಹಕರಿಗೆ ಅದರ ಮಾರಾಟ ನಿಂತಿತು. ನೋಟವು ನೋಡುವವನ ಸ್ವತ್ತಷ್ಟೇ ಅಲ್ಲ, ನೋಡಿಸಿಕೊಳ್ಳುವವರಿಗೂ ಸಂಬಂಧಿಸಿದ್ದು ಎಂಬ ತಿಳಿವಳಿಕೆ ಕನ್ನಡ ಜನಪದರ ದೃಷ್ಟಿ ತೆಗೆಯುವ ಆಚರಣೆಯಲ್ಲೂ ಇದೆ. ಎರಡರ ಕಾರಣಗಳು ಬೇರೆಯಾದರೂ ನೋಟದ ಬಗೆಗಿನ ಎಚ್ಚರ ಸಮಾನವಾದುದು. ಅದೇ 2015ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಆಪಲ್ ವಾಚ್‌ಗೆ ಮಣಿಕಟ್ಟಿನ ಮೇಲೆ ಜಾಗ ಮೊದಲೇ ಸಿದ್ಧವಾಗಿತ್ತು. ಮುಂದೆ ಮೆಟಾ ಸಂಸ್ಥೆಯ ಕ್ಯಾಮೆರಾ ಕನ್ನಡಕಗಳು ರೇಬ್ಯಾನ್ ಚೌಕಟ್ಟಿನ ಪರಿಚಿತ ರೂಪದಲ್ಲಿ ಬಂದುದು ಈ ದೃಷ್ಟಿಯಿಂದ ಗಮನಾರ್ಹ.

ಕೊನೆಯದಾಗಿ, ಕಟ್ಟುವ ಕೈ ಯಾರದೆಂಬ ಪ್ರಶ್ನೆ. ಮಗುವಿಗೆ ತಾಯಿತ ಕಟ್ಟುವ ಕೈ ಅದರ ಹಿತ ಬಯಸುವ ಹಿರಿಯರದು. ಧರಿಸುವ ಯಂತ್ರವಾದರೋ ದೇಹದ ವಿವರಗಳನ್ನು ದೂರದ ಸಂಸ್ಥೆಗೆ ಒಪ್ಪಿಸಬಲ್ಲದು. ವ್ಯಾಯಾಮದ ಜಾಡು ದಾಖಲಿಸುವ ಸ್ಟ್ರಾವಾ ಸಂಸ್ಥೆ ಪ್ರಕಟಿಸಿದ ನಕ್ಷೆಯಿಂದ ಸೇನಾ ನೆಲೆಗಳ ಒಳದಾರಿಗಳು ಗೋಚರಿಸಿದ್ದು 2018ರ ಜನವರಿಯಲ್ಲಿ ಬೆಳಕಿಗೆ ಬಂದಿತು. ಚಂಡೀಗಢದಲ್ಲಿ ಪೌರಕಾರ್ಮಿಕರಿಗೆ ಜಿಪಿಎಸ್ ಅಳವಡಿಸಿದ ಕೈಗಡಿಯಾರ ಕಡ್ಡಾಯವಾದಾಗ 2020ರಲ್ಲಿ ಅವರು ಪ್ರತಿಭಟಿಸಿದರು. ಇಷ್ಟಪಟ್ಟು ಧರಿಸಿದವರಿಗೆ ಆರೋಗ್ಯದ ಸಾಧನವಾಗುವ ಬಗೆಯ ವಸ್ತುವೇ ಬಲವಂತದಿಂದ ಕಟ್ಟಿಸಿಕೊಂಡವರಿಗೆ ಬೇಡಿಯಾಗಬಹುದು. ಭಾರತವು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ರೂಪಿಸಿದೆ. ಆದರೆ ಉದ್ಯೋಗದಾತನ ಎದುರು ಕಾರ್ಮಿಕನ ಒಪ್ಪಿಗೆ ಎಷ್ಟು ಸ್ವತಂತ್ರವೆಂಬುದನ್ನು ಕಾಯಿದೆಯೊಂದೇ ತೀರ್ಮಾನಿಸಲಾರದು.

ಹೀಗೆ ಬೆಲೆ, ಉಪಯುಕ್ತತೆ, ಸುಲಭತೆಗಳ ಜೊತೆಗೆ ಧರಿಸುವ ಜಾಗ, ವಸ್ತುವಿಗೆ ಸಮಾಜ ಕೊಟ್ಟ ಅರ್ಥ, ಎದುರಿಗಿರುವವರ ನೋಟ ಹಾಗೂ ಕಟ್ಟುವವರ ಮೇಲಿನ ವಿಶ್ವಾಸ ಸೇರಿ ಜನರ ಧೋರಣೆಯನ್ನು ರೂಪಿಸುತ್ತವೆ. ಮುಂದಿನ ಅಧ್ಯಯನಗಳು ಕೊಂಡವರನ್ನಷ್ಟೇ ಅಲ್ಲದೆ, ಕೊಳ್ಳದೆಯೂ ಧರಿಸಬೇಕಾಗಿ ಬಂದವರನ್ನೂ ಮಾತನಾಡಿಸುವುದು ಅಗತ್ಯ.