ಮೊಟ್ಟೆ, ಹಾಲು ಇಲ್ಲದೆ ಗರಿಗರಿ ವಾಫಲ್

ವಾಫಲ್ ಮೇಕರ್‌ನ ಮುಚ್ಚಳ ಎತ್ತಿದೊಡನೆ ವಾಫಲ್ ನಡುವೆ ಸೀಳಿ, ಅರ್ಧ ಮೇಲೆ ಅರ್ಧ ಕೆಳಗೆ ಅಂಟಿಕೊಂಡಿತೆಂದರೆ ತಪ್ಪು ಹೆಚ್ಚಾಗಿ ಹಿಟ್ಟಿನದಲ್ಲ, ಅವಸರದ್ದು. ಮೊಟ್ಟೆ ಹಾಕಿದ ಹಿಟ್ಟು ಕಾವು ತಗುಲಿದ ಕೂಡಲೇ ಬಿಗಿದುಕೊಳ್ಳುತ್ತದೆ. ಮೊಟ್ಟೆ ಇಲ್ಲದಾಗ ಆ ಕೆಲಸದ ಬಹುಪಾಲು ಹಿಟ್ಟಿನ ಪಿಷ್ಟದ ಮೇಲೆ ಬೀಳುತ್ತದೆ. ಅದಕ್ಕೆ ಇನ್ನೊಂದಿಷ್ಟು ಹೊತ್ತು ಕೊಡಬೇಕು.

ಬೆಸೆಯುವುದಷ್ಟೇ ಅಲ್ಲ, ಹಿಟ್ಟನ್ನು ಹಗುರ ಮಾಡುವುದು, ಎಣ್ಣೆ ನೀರನ್ನು ಕೂಡಿಸುವುದು, ಹೊಂಬಣ್ಣ ತರುವುದು ಎಲ್ಲವೂ ಮೊಟ್ಟೆಯ ಕೆಲಸವೇ. ಇಷ್ಟನ್ನೂ ಮಾಡುವ ಬದಲಿ ಪದಾರ್ಥವೊಂದನ್ನು ಹುಡುಕುತ್ತ ಹೋದರೆ ನಿರಾಸೆಯೇ ಗತಿ. ಕೆಲಸವನ್ನು ನಾಲ್ಕು ಪದಾರ್ಥಗಳಿಗೆ ಹಂಚಿಕೊಡುವುದು ಜಾಣತನ.

ಬೆಸೆಯಲು ಅಗಸೆ ಬೀಜ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆ ಅಗಸಿ ಹಿಂಡಿಯಾಗಿ ಬರುವ ಬೀಜವೇ ಇದು. ಇದರ ಸಿಪ್ಪೆಯಲ್ಲಿ ನೀರು ಕುಡಿದು ಉಬ್ಬುವ ಲೋಳೆಯಿದೆ. ಹಸಿ ಬೀಜದ ಪುಡಿ 1 ದೊಡ್ಡ ಚಮಚಕ್ಕೆ 3 ದೊಡ್ಡ ಚಮಚ ನೀರು ಬೆರೆಸಿ 10 ನಿಮಿಷ ಬಿಟ್ಟರೆ ಎಳೆ ಬರುವಷ್ಟು ಅಂಟಾಗುತ್ತದೆ. ಪುಡಿ ಆಗಷ್ಟೇ ಮಾಡಿದ್ದಿರಲಿ. ಇಟ್ಟರೆ ಅದರಲ್ಲಿನ ಎಣ್ಣೆ ಕಮಟಾಗುತ್ತದೆ.

ಹಾಲಿನ ಜಾಗಕ್ಕೆ ಸೋಯಾ ಹಾಲನ್ನೇ ನಾನು ಆರಿಸುತ್ತೇನೆ. ಬಾದಾಮಿ ಹಾಲಿನಲ್ಲಿ ಪ್ರೋಟೀನ್ ತೀರ ಕಡಿಮೆ, ವಾಫಲ್ ಪೇಲವವಾಗುತ್ತದೆ. ಪ್ರೋಟೀನ್ ಮತ್ತು ಸಕ್ಕರೆ ಬಿಸಿಯಲ್ಲಿ ಸೇರಿದಾಗಲೇ ಆ ಕಂದು ಬಣ್ಣ, ಆ ಪರಿಮಳ. ಒಂದೂವರೆ ಕಪ್ ಸೋಯಾ ಹಾಲಿಗೆ 1 ದೊಡ್ಡ ಚಮಚ ನಿಂಬೆರಸ ಹಿಂಡಿ, ಮಜ್ಜಿಗೆಯಂತೆ ಒಡೆಯುತ್ತದೆ. ಈ ಹುಳಿ ಅಡುಗೆ ಸೋಡಾವನ್ನು ಕೂಡಿದಾಗ ಗುಳ್ಳೆ ಎದ್ದು ಹಿಟ್ಟು ಹಗುರಾಗುತ್ತದೆ.

ಇನ್ನು ಗರಿಗರಿ. ಅದರ ಗುಟ್ಟು ಕಾರ್ನ್‌ಫ್ಲೋರ್ ಮತ್ತು ಎಣ್ಣೆಯಲ್ಲಿದೆ. ಒಂದೂವರೆ ಕಪ್ ಮೈದಾಕ್ಕೆ ಅರ್ಧ ಕಪ್ ಕಾರ್ನ್‌ಫ್ಲೋರ್ ಸೇರಿದರೆ ಅಂಟಿನಂಶ ತಗ್ಗಿ, ಹೊರಪದರ ತೆಳ್ಳಗೆ ಒಣಗುತ್ತದೆ. ಇದಕ್ಕೆ 2 ಚಿಕ್ಕ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ, ಅರ್ಧ ಚಮಚ ಉಪ್ಪು, 2 ದೊಡ್ಡ ಚಮಚ ಸಕ್ಕರೆ. ಎಣ್ಣೆ ಕಪ್ಪಿನ ಮೂರನೇ ಒಂದು ಪಾಲು. ಹೆಚ್ಚಾಯಿತೆಂದು ಕಡಿಮೆ ಮಾಡಬೇಡಿ; ಕಡಿಮೆಯಾದರೆ ಬರುವುದು ವಾಫಲ್ ಅಚ್ಚೊತ್ತಿದ ಬ್ರೆಡ್ಡು. ಒಣ ಪದಾರ್ಥಕ್ಕೆ ಸೋಯಾ ಹಾಲು, ಎಣ್ಣೆ, ಅಗಸೆ ಲೋಳೆ ಸುರಿದು ಹಗುರವಾಗಿ ಕಲಸಿ, ಸಣ್ಣಪುಟ್ಟ ಗಂಟು ಉಳಿದರೂ ಬಿಡಿ. ತುಂಬ ಕಲಸಿದರೆ ಮೈದಾ ನಾರಾಗುತ್ತದೆ. 5 ನಿಮಿಷ ನೆನೆಯಲಿ. ಅಷ್ಟರಲ್ಲಿ ಅಚ್ಚು ಚೆನ್ನಾಗಿ ಕಾಯಲಿ. ದೀಪ ಸೂಚಿಸಿದ ಮೇಲೂ ಎರಡು ನಿಮಿಷ ಕಾಯಿಸುವುದು ಒಳ್ಳೆಯದು.

ಹಿಟ್ಟು ಸುರಿದು ಮುಚ್ಚಿದ ಮೇಲೆ ನೋಡಬೇಕಾದ್ದು ಗಡಿಯಾರವನ್ನಲ್ಲ, ಹಬೆಯನ್ನು. ಅಂಚಿನಿಂದ ಹಬೆ ದಟ್ಟವಾಗಿ ಏಳುತ್ತಿರುವವರೆಗೂ ಒಳಗೆ ನೀರಿದೆ. ಅದು ಬಹುಪಾಲು ನಿಂತಾಗ ಮುಚ್ಚಳ ಮೆಲ್ಲಗೆ ಎತ್ತಿ ನೋಡಿ. ಎಳೆದಂತಾದರೆ ಹಾಗೇ ಬಿಟ್ಟು ಮತ್ತೊಂದು ನಿಮಿಷ. ಸಾಮಾನ್ಯವಾಗಿ 5-6 ನಿಮಿಷ ಹಿಡಿಯುತ್ತದೆ. ವಿದ್ಯುತ್ ಇಲ್ಲದ, ಒಲೆಯ ಮೇಲಿಡುವ ಅಚ್ಚಾದರೆ ನಡುವೆ ತಿರುವಿ ಹಾಕಬೇಕು. ಅಮೆರಿಕದ ಟ್ರಾಯ್ ಊರಿನ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ 1869ರಲ್ಲಿ ಪೇಟೆಂಟ್ ಪಡೆದದ್ದು ಅಂಥ ಒಲೆಯ ಅಚ್ಚಿಗೇ.

ತೆಗೆದ ವಾಫಲ್ ತಟ್ಟೆಯಲ್ಲಿ ಒಂದರ ಮೇಲೊಂದು ಬಿದ್ದರೆ ಇಷ್ಟು ಹೊತ್ತಿನ ಶ್ರಮ ಹಬೆಯಲ್ಲೇ ನೆನೆದುಹೋಗುತ್ತದೆ. ಕೆಳಗಿಂದಲೂ ಗಾಳಿಯಾಡುವ ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಉಳಿದದ್ದು ಫ್ರೀಜರ್‌ನಲ್ಲಿಟ್ಟು ಟೋಸ್ಟರ್‌ನಲ್ಲಿ ಬಿಸಿ ಮಾಡಿದರೆ ಗರಿಗರಿ ಮರಳಿ ಬರುತ್ತದೆ.

ಮೇಲೆ ಸುರಿಯಲು ಜೇನು ಬೇಡ, ಪ್ರಾಣಿಜನ್ಯವಾದ ಏನನ್ನೂ ತಿನ್ನದ ವೀಗನ್ನರು ಅದನ್ನೂ ಮುಟ್ಟುವುದಿಲ್ಲ. ಮಲೆನಾಡಿನ ಜೋನಿ ಬೆಲ್ಲ ಇದಕ್ಕೆ ಸೊಗಸಾಗಿ ಒಗ್ಗುತ್ತದೆ, ಆ ಗುಳಿಗಳಲ್ಲಿ ನಿಂತು ಮಿನುಗುತ್ತದೆ. ತಿನ್ನುವ ಗಳಿಗೆಯಲ್ಲೇ ಸುರಿಯಿರಿ.